ಗೊತ್ತೈತಿ, ಹೇಳಂಗಿಲ್ಲ

ಅವಳ ತಲೆಯ ಮೇಲೆ ಈ ಕಿವಿಯಿಂದ ಆ ಕಿವಿಯ ತನಕ ಒಂದು ಕಾಲುದಾರಿ ಬಿದ್ದಿತ್ತು. ಜನ ನಡೆದೂ ನಡೆದೂ ಹುಲ್ಲು ಸತ್ತ ಜಾಗ ಹೊಲದಲ್ಲಿ ಇರುತ್ತದಲ್ಲ, ಹಾಗೆ. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಮುಚ್ಚುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಾಗ ಕಿವಿಗೆ ಏರಿಸಿಕೊಳ್ಳುತ್ತಿದ್ದ ಹೆಡ್‌ಫೋನಿನ ಪಟ್ಟಿ ಮಾಡಿದ ದಾರಿ ಅದು. ಕೆಲಸ ಮುಗಿದು, ಆ ಬೋರ್ಡುಗಳೇ ಗುಜರಿಗೆ ಹೋದ ಮೇಲೂ ಅಲ್ಲಿ ಕೂದಲು ಬರಲಿಲ್ಲ. “ಈ ದಾರಿ ಮ್ಯಾಲ ಇಡೀ ತಾಲೂಕು ನಡೆದು ಹೋಗೈತಿ” ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಹೇಳುವಾಗ ನಾಚಿಕೆ ಇರಲಿಲ್ಲ, ಜಂಬ ಇತ್ತು.

ನಮ್ಮ ಓಣಿಯಲ್ಲಿ ಅವಳನ್ನು ಟೆಲಿಫೋನಕ್ಕ ಎನ್ನುತ್ತಿದ್ದರು. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈಯುತ್ತಾಳೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹೊಸಪೇಟೆಯ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಕೆಲಸ. ಅವಳು ನನ್ನ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಬೆಳಿಗ್ಗೆ ನನ್ನ ರೊಟ್ಟಿ ಬಡಿಯುವ ಸಪ್ಪಳಕ್ಕೆ ಅವಳು ಏಳುತ್ತಿದ್ದಳು, ಸಪ್ಪಳ ನಿಂತರೆ “ಯಾಕ, ಸತ್ತೇನು?” ಎಂದು ಗೋಡೆಯ ಆಚೆಯಿಂದ ಕೂಗುತ್ತಿದ್ದಳು. ಅವಳು ನನಗೆ ಅಕ್ಕ, ನಾನು ಅವಳಿಗೆ ತಂಗಿ. ನೆಂಟಸ್ತಿಕೆ ಏನೂ ಇಲ್ಲ.

ಅವಳು ಮೊದಲು ಕಂಪ್ಲಿಯ ಎಕ್ಸ್‌ಚೇಂಜಿನಲ್ಲಿದ್ದಳು. ಆಗ ಊರಿಂದೂರಿಗೆ ಫೋನಿನಲ್ಲಿ ಮಾತಾಡಬೇಕೆಂದರೆ ಅಲ್ಲಿ ಹೇಳಿ ಕಾಯಬೇಕಿತ್ತು. ಬೋರ್ಡಿನ ಮುಂದೆ ಕೂತವಳು ತಂತಿ ಎಳೆದು ತೂತಿಗೆ ಚುಚ್ಚಿ ಇಬ್ಬರ ಮಾತು ಕೂಡಿಸಬೇಕು. ಕೂಡಿತೋ ಇಲ್ಲವೋ ನೋಡಲು ಅವಳೂ ಕಿವಿ ಇಡಬೇಕು. ಕೆಲವರು ಕೂಡಿದ ತಕ್ಷಣ ಕಿವಿ ತೆಗೆಯುತ್ತಿದ್ದರಂತೆ.

“ನಾನು ತೆಗೀತಿದ್ದಿಲ್ಲ ಬಿಡು” ಎನ್ನುತ್ತಿದ್ದಳು ಟೆಲಿಫೋನಕ್ಕ. “ಕೇಳ್ತಿದ್ದೆ. ಹೆಣ್ಣು ನೋಡಿದ್ದು, ಗಂಡ ಹೊಡೆದಿದ್ದು, ಯಾರ ಮನ್ಯಾಗ ಯಾರಿಗೆ ದಿನ ನಿಂತಿದ್ದು, ಎಲ್ಲಾ ಕೇಳೀನಿ. ಆದ್ರ ಈ ಕಿವ್ಯಾಗ ಬಂದಿದ್ದು ಬಾಯಿಗೆ ಇಳೀಲಿಲ್ಲ.”

ಕಂಪ್ಲಿಯಲ್ಲಿ ಒಬ್ಬ ಅಕ್ಕಿ ಗಿರಣಿ ಸಾಹುಕಾರ ಇದ್ದ. ಅವನ ಸೊಸೆಯ ತವರು ಸಂಡೂರು. ಸೊಸೆ ಆಗಾಗ ತವರಿಗೆ ಫೋನು ಮಾಡುತ್ತಿದ್ದಳು. ಒಂದು ದಿನ ಸಾಹುಕಾರ ಎಕ್ಸ್‌ಚೇಂಜಿಗೇ ಬಂದು, ಸಾಹೇಬರ ಮುಂದೆಯೇ ಕುರ್ಚಿ ಎಳೆದು ಕೂತು ಕೇಳಿದನಂತೆ:

“ನಮ್ಮ ಸೊಸಿ ತವರಿನವರ ಕೂಡ ಏನೇನು ಮಾತಾಡ್ತಾಳ, ನಿನಗ ಗೊತ್ತೈತಿಲ್ಲವಾ?”

“ಗೊತ್ತೈತ್ರಿ.”

“ಹೇಳು ಮತ್ತ.”

“ಹೇಳಂಗಿಲ್ರಿ.”

ಆಮೇಲೆ ಸಾಹೇಬರು ಬೈದರಂತೆ: ಗೊತ್ತಿಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತಲ್ಲ, ಈ ಸೊಕ್ಕು ಯಾಕೆ? ಅದಕ್ಕೆ ಅವಳು ಕೊಟ್ಟ ಉತ್ತರವನ್ನು ನನಗೆ ಎಷ್ಟು ಸಲ ಹೇಳಿದ್ದಳೋ. “ಗೊತ್ತಿಲ್ಲ ಅಂದ್ರ ನಾಳೆ ಇನ್ನೊಬ್ಬರನ್ನ ಕೇಳ್ತಾನ. ಗೊತ್ತೈತಿ ಹೇಳಂಗಿಲ್ಲ ಅಂದ್ರ, ಕೇಳೋದ ತಪ್ಪು ಅಂತ ಅವಂಗ ಗೊತ್ತಾಗ್ತೈತಿ.”

ಗೊತ್ತಾಯಿತೋ ಇಲ್ಲವೋ, ಸಾಹುಕಾರನ ಕೈ ಉದ್ದ ಇತ್ತು. ಅವಳನ್ನು ಕಂಪ್ಲಿಯಿಂದ ಎತ್ತಿ ಹೊಸಪೇಟೆಗೆ ಹಾಕಿದರು. ಹಾಗೆ ಅವಳು ನನ್ನ ಗೋಡೆಯ ಪಕ್ಕ ಬಂದಳು. ಸಾಹುಕಾರನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಇರಲಿ.

ನನ್ನ ಕೈಗೆ ದೊಡ್ಡ ಮೊಬೈಲು ಬಂದದ್ದು ಮೊಮ್ಮಗಳಿಂದ. ಮಗ ಸಂಡೂರಿನ ಕಡೆ ಅದಿರು ಲಾರಿ ಹೊಡೆಯುತ್ತಾನೆ. ಸೊಸೆಯೂ ಅಲ್ಲೇ ಇದ್ದಾಳೆ. ಮೊಮ್ಮಗಳು ಮಾತ್ರ ನನ್ನ ಹತ್ತಿರ ಇದ್ದಾಳೆ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಅವಳಿಗೆ ಕಾಂಟ್ರಾಕ್ಟ್ ಕೆಲಸ, ಕಂಪನಿ ಬಸ್ಸು ನಮ್ಮ ಓಣಿಯ ತುದಿಗೆ ಬರುತ್ತದೆ. ತನ್ನ ಹಳೆಯ ಮೊಬೈಲು ನನಗೆ ಕೊಟ್ಟು, ಎಲ್ಲ ಕನ್ನಡದಲ್ಲಿ ಬರುವಂತೆ ಮಾಡಿಕೊಟ್ಟಳು. ಬೆರಳಚ್ಚಿನ ಬೀಗ ಹಾಕಲು ನೋಡಿದಳು, ಆಗಲಿಲ್ಲ. ಹಂಚಿನ ಮೇಲೆ ರೊಟ್ಟಿ ತಿರುವೀ ತಿರುವೀ ನನ್ನ ಬೆರಳಿನ ಗೆರೆಗಳು ಎಂದೋ ಸುಟ್ಟು ಹೋಗಿವೆ. “ಅಜ್ಜಿ, ನಿನ್ನ ಬೆರಳು ಅದಕ್ಕ ಕಾಣವಲ್ದು” ಎಂದಳು. ಒಳ್ಳೆಯದೇ ಆಯಿತು ಎಂದೆ.

ಆ ಮೊಬೈಲು ಏನಾದರೂ ಕೇಳಿಕೊಂಡೇ ಇರುತ್ತಿತ್ತು. ಕೆಳಗೆ ಎರಡು ಮಾತು ಬರುತ್ತಿದ್ದವು: ‘ಅನುಮತಿಸಿ’, ‘ಅನುಮತಿಸಬೇಡಿ’. ನಾನು ಅಕ್ಷರ ಕೂಡಿಸಿ ಓದಿ ಪ್ರತಿ ಸಲ ಮೊದಲನೆಯದನ್ನೇ ಒತ್ತುತ್ತಿದ್ದೆ. ನಮ್ಮಲ್ಲಿ ಹೊಸ್ತಿಲಿಗೆ ಬಂದವರಿಗೆ ‘ಬರ್ರಿ’ ಎನ್ನುತ್ತೇವೆ. ಬಂದವನು ಯಾರು, ಯಾಕೆ ಬಂದ ಎಂಬುದು ಆಮೇಲಿನ ಮಾತು. ಮೊದಲು ‘ಬರ್ರಿ, ಕುಂದ್ರಿ’. ‘ಬೇಡ’ ಎಂಬ ಮಾತನ್ನು ಬಾಗಿಲಲ್ಲಿ ಆಡಿ ನನಗೆ ರೂಢಿಯೇ ಇಲ್ಲ.

ಟೆಲಿಫೋನಕ್ಕ ಒಂದು ದಿನ ನನ್ನ ಕಟ್ಟೆಯ ಮೇಲೆ ಕೂತು ಮೊಬೈಲು ಇಸಿದುಕೊಂಡು, ಸೆಟ್ಟಿಂಗ್ಸ್ ಎಂಬಲ್ಲಿ ಒಳಗೆ ಹೋಗಿ ನೋಡಿದಳು. ಅಲ್ಲಿ ಯಾರು ಯಾರಿಗೆ ಏನೇನು ಬಿಟ್ಟುಕೊಟ್ಟಿದ್ದೇನೆ ಎಂದು ಸಾಲಾಗಿ ಬರುತ್ತದೆ. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಮೇಲೇರಿತು.

“ತಂಗಿ, ಈ ಟಾರ್ಚಿಗೆ ನಿನ್ನ ಮೊಮ್ಮಗಳ ನಂಬರ್ ಯಾಕ ಬೇಕು? ಕತ್ತಲದಾಗ ಅಕಿಗೆ ಫೋನ್ ಹಚ್ಚತೈತೇನು?”

“ಕೇಳ್ತು. ಕೊಟ್ಟೆ.”

“ಭಜನಿ ಪದ ಹಾಡೋದು ಐತಲ್ಲ, ಅದಕ್ಕ ಮೈಕ್ ಕೊಟ್ಟೀಯಲ್ಲ. ಹಾಡೋರು ಅವರಾ, ನೀನಾ?”

“ಅದೂ ಕೇಳ್ತು.”

“ಕೇಳಿದೋರಿಗೆಲ್ಲ ಬರ್ರಿ ಬರ್ರಿ ಅನ್ನಾಕ ಇವರೇನು ನಿಮ್ಮ ಬೀಗರಾ? ಮುಖ ಐತಾ ಇವಕ್ಕ? ಚಪ್ಪಲಿ ಬಿಟ್ಟು ಒಳಗ ಬಂದಾವಾ?”

ನನಗೆ ಸಿಟ್ಟು ಬಂತು. ನನ್ನ ಹತ್ತಿರ ಏನಿದೆ ಕದಿಯಲು, ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆ, ಎಂದೆ. ಅವಳು ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದಳು. ಮೂಲೆಯಲ್ಲಿ ಸಣ್ಣದೊಂದು ಹಸಿರು ಚುಕ್ಕಿ ಹೊತ್ತಿತ್ತು.

“ನಮ್ಮ ಬೋರ್ಡಿನ ಮ್ಯಾಲೂ ದೀಪ ಹತ್ತತಿತ್ತು. ದೀಪ ಹತ್ತಿದ್ರ ಯಾರೋ ಲೈನ್ ಮ್ಯಾಲ ಅದಾರ ಅಂತ. ಈಗ ಯಾರ ಅದಾರ ಹೇಳು. ನಾನು ಕದ್ದು ಕೇಳ್ದಾಕಿ, ನನಗ ಗೊತ್ತಾಗತೈತಿ. ಕೇಳೋನಿಗೆ ನಿನ್ನ ಹಂಚು ಬ್ಯಾಡವ್ವ. ಸುಮ್ನ ಕೇಳೋದ ಒಂದು ರುಚಿ.”

ಆವತ್ತು ಅವಳು ಟಾರ್ಚಿನಿಂದ ನಂಬರು ಕಿತ್ತುಕೊಂಡಳು, ಭಜನೆಯಿಂದ ಮೈಕು ಕಿತ್ತುಕೊಂಡಳು. ‘ಸ್ಥಳ’ ಎಂಬುದನ್ನು ದೀಪ ಆರಿಸಿದ ಹಾಗೆ ಆರಿಸಿದಳು. ಕೆಲವಕ್ಕೆ ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಇಟ್ಟಳು. “ಇದು ಹೆಂಗಂದ್ರ, ಹಾಲು ಹಾಕೋನು ಹಾಲು ಹಾಕೋತನ ಬಾಗಿಲದಾಗ ನಿಂದರಬಹುದು. ಆಮ್ಯಾಲ ನಡಿ.” ಒಂದೊಂದನ್ನೂ ನನ್ನ ಬೆರಳಿನಿಂದಲೇ ಒತ್ತಿಸಿದಳು. ‘ಅನುಮತಿಸಬೇಡಿ’ ಎಂದು ಮೊದಲ ಸಲ ಒತ್ತಿದಾಗ ನನಗೆ ಮೈ ಜುಂ ಎಂದಿತು. ನಾಲ್ಕನೆಯ ಸಲಕ್ಕೆ ರುಚಿ ಹತ್ತಿತು.

ಅವಳೇನು ಎಲ್ಲ ಬಲ್ಲವಳಲ್ಲ. ಒಮ್ಮೆ ಹಟ ಹತ್ತಿ ತನ್ನ ಮೊಬೈಲಿನಲ್ಲಿ ಎಲ್ಲದರ ಮೈಕು ಕೀಳುವಾಗ, ಫೋನು ಮಾಡುವುದಕ್ಕೇ ಇದ್ದ ಮೈಕನ್ನೂ ಕಿತ್ತುಬಿಟ್ಟಳು. ಆಮೇಲೆ ಯಾರಿಗೆ ಫೋನು ಹಚ್ಚಿದರೂ ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದರು. ನನ್ನ ಬಾಗಿಲಿಗೆ ಬಂದು ನಿಂತಳು. “ನಾನು ಇಲ್ಲಿ ಒದರಾಕತ್ತೀನಿ, ಆಕಡೆ ಯಾರಿಗೂ ಕೇಳವಲ್ದು.” ಮೊಮ್ಮಗಳು ನೋಡಿ ನಕ್ಕೂ ನಕ್ಕೂ ನೆಲಕ್ಕೆ ಕೂತಳು. ಟೆಲಿಫೋನಕ್ಕ ಒಂದಿಷ್ಟೂ ಕುಗ್ಗಲಿಲ್ಲ. “ನಗು, ನಗು. ಕೇಳಿದ್ದಕ್ಕ ಕೊಡೋದಕಿಂತ ಇದ ಪಾಡ.”

ಒಂದು ಸೋಮವಾರ ನಾವಿಬ್ಬರೂ ಹಂಪಿಗೆ ಹೋಗಿದ್ದೆವು. ಹೊಳೆಯಲ್ಲಿ ಮಿಂದು ಹೆಂಗಸರು ಕಲ್ಲಿನ ಮರೆಯಲ್ಲಿ ಸೀರೆ ಬದಲಿಸುತ್ತಿದ್ದರು. ಒಬ್ಬ ಹರೆಯದವನು ಗುಡಿಯ ಫೋಟೋ ತೆಗೆಯುವವನ ಹಾಗೆ ಮೊಬೈಲು ಹಿಡಿದು ನಿಂತಿದ್ದ. ಟೆಲಿಫೋನಕ್ಕ ಒದ್ದೆ ಸೀರೆಯಲ್ಲೇ ಹೋಗಿ ಅವನ ಮುಂಗೈ ಹಿಡಿದಳು.

“ಯಾರನ್ನ ಕೇಳಿ ತಗದಿ?”

“ಗುಡಿ ತಗದೀನಿ ಅಮ್ಮಾ.”

“ನಾನೇನು ಗುಡಿಯಾ? ಅಳಿಸು.”

ಅಳಿಸಿದ. ಅವಳು ಕೈ ಬಿಡಲಿಲ್ಲ. “ಕಸದ ಡಬ್ಬಿ ಐತಲ್ಲ ಅದರಾಗ, ಅಲ್ಲಿಂದಾನೂ ತಗಿ. ನನಗ ಗೊತ್ತೈತಿ, ಅಲ್ಲಿ ಕುಂತಿರತೈತಿ.” ಅವನು ಅಲ್ಲಿಂದಲೂ ತೆಗೆದ. ಮುಖ ಕೆಂಪಾಗಿತ್ತು. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ನಿಂತಿದ್ದರು, ಅರ್ಧ ಉಟ್ಟ ಸೀರೆಯಲ್ಲಿ. ಅವನು ಹೋದ ಮೇಲೆ ನಾವು ಕೂತು ತಂದ ಬುತ್ತಿ ಬಿಚ್ಚಿದೆವು. ಆವತ್ತಿನಷ್ಟು ರುಚಿಯಾಗಿ ನಾನು ಬಡಿದ ರೊಟ್ಟಿ ಮತ್ತೆಂದೂ ತಿಂದಿಲ್ಲ.

ಆಮೇಲೆ ಮೊಮ್ಮಗಳಿಗೆ ಗಂಡು ಗೊತ್ತಾಯಿತು. ಪಾಪಿನಾಯಕನಹಳ್ಳಿಯ ಕಡೆಯವರು, ಬೋರ್‌ವೆಲ್ ಮೋಟಾರು ಅಂಗಡಿ ಇಟ್ಟ ಹುಡುಗ. ನೋಡಲು ಚಂದ, ಕುಡಿತ ಇಲ್ಲ. ನಿಶ್ಚಯದ ದಿನವೇ ಅವಳ ಮೊಬೈಲು ತೆಗೆದುಕೊಂಡು, ಅವಳು ಎಲ್ಲಿದ್ದಾಳೆ ಎಂಬುದು ತನ್ನ ಮೊಬೈಲಿನ ಮ್ಯಾಪಿನಲ್ಲಿ ಕಾಣುವಂತೆ ಮಾಡಿಕೊಂಡ. “ಸೇಫ್ಟಿಗೆ” ಎಂದ. ನನ್ನ ಹುಡುಗಿ ನಾಚಿ ನಕ್ಕಳು. ನನಗೂ ಮೊದಲು ಹುಡುಗನಿಗೆ ಕಾಳಜಿ ಇದೆ ಅನಿಸಿತು.

ಆ ಕಾಳಜಿ ಬರಬರುತ್ತಾ ಹೇಗಾಯಿತೆಂದರೆ, ಕಂಪನಿ ಬಸ್ಸು ಕಾರಿಗನೂರಿನ ಹತ್ತಿರ ನಿಂತರೆ ಫೋನು. “ಬಸ್ಸು ಯಾಕ ನಿಂತೈತಿ?” ಅವಳು ಬಸ್ಸಿನ ಒಳಗೆ ಕೂತವಳು, ಬಸ್ಸು ಹೊಡೆಯುವವಳಲ್ಲ. ಬಸ್ಸು ಅವನ ಊರಿನ ಮುಂದೆಯೇ ಹಾಯುತ್ತದೆ. ಅಲ್ಲಿ ನಿಂತು ಅವಳ ಪಕ್ಕದ ಸೀಟಿನಲ್ಲಿ ಯಾರಿದ್ದಾರೆ ಎಂದು ನೋಡುತ್ತಿದ್ದ. ಗೆಳತಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೆ ಫೋನು. ಹುಡುಗಿ ನಗುವುದು ಬಿಟ್ಟಳು. ಮನೆಗೆ ಬಂದು ಮೊಬೈಲನ್ನು ಹಾಸಿಗೆಯ ಮೇಲೆ ಮಖಾಡೆ ಮಲಗಿಸುತ್ತಿದ್ದಳು, ಕಣ್ಣಿದ್ದ ವಸ್ತುವನ್ನು ಮುಚ್ಚಿದ ಹಾಗೆ.

ಕೊನೆಗೆ ಟೆಲಿಫೋನಕ್ಕನ ಹತ್ತಿರ ಹೋದಳು. ಆಗಲೇ ಟೆಲಿಫೋನಕ್ಕನಿಗೆ ಕಿವಿ ಮಂದವಾಗಿತ್ತು. ತಾಲೂಕನ್ನೆಲ್ಲ ಕೇಳಿದ ಕಿವಿ, ಎಡಗಡೆಯದು ಮಾತ್ರ ಸ್ವಲ್ಪ ಉಳಿದಿತ್ತು. ಹುಡುಗಿ ಆ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದಳು.

“ಮ್ಯಾಪ್ ಆರಸಬೇಕಾ, ಬ್ಯಾಡಾ? ಅದನ್ನ ಮೊದಲು ಹೇಳು” ಎಂದಳು ಟೆಲಿಫೋನಕ್ಕ.

“ಆರಿಸಿದ್ರ ಸಿಟ್ಟಾಗ್ತಾರ ಅಜ್ಜಿ.”

“ಆಗ್ತಾನ. ಆಗಲಿ. ಎಂಥಾವನ್ನ ಮದುವಿ ಆಗಾಕತ್ತೀದಿ ಅಂತ ತಾಳಿಗಿಂತ ಮುಂಚೆ ಗೊತ್ತಾಗತೈತಿ.”

“ನೀವ ಆರಿಸಿ ಕೊಡ್ರಿ.”

“ನಾನು ಮುಟ್ಟಂಗಿಲ್ಲ. ನಾಳೆ ಪಕ್ಕದ ಮನಿ ಮುದುಕಿ ಕೆಡಿಸಿದ್ಲು ಅಂತಾರ. ನಿನ್ನ ಬೆರಳು, ನೀನ ಒತ್ತು.”

ಹುಡುಗಿ ಬಹಳ ಹೊತ್ತು ಆ ಮೊಬೈಲು ನೋಡುತ್ತಾ ಕೂತಳು. ಮನೆ ಮನೆಗೆ ಹೋಗಿ ಮದುವೆಗೆ ಹೇಳಿಕೆ ಕೊಡುವುದು ಶುರುವಾಗಿತ್ತು. ಆಮೇಲೆ ಒತ್ತಿದಳು. ತಾನಿರುವ ಜಾಗ ಹಂಚುವುದನ್ನು ನಿಲ್ಲಿಸಿದಳು; ಮೊಬೈಲಿನ ಬೀಗವನ್ನೂ ಬದಲಿಸಿದಳು, ಹಳೆಯದು ಅವನಿಗೆ ಗೊತ್ತಿತ್ತು. ಹುಡುಗನಿಗೆ ತಾನೇ ಫೋನು ಮಾಡಿ, “ಆರಿಸೀನಿ. ನಾನು ಹೋಗೋ ಕಡೆ ನಾನ ಹೇಳ್ತೀನಿ, ಹೇಳಬೇಕು ಅನಿಸಿದ್ರ” ಎಂದಳು. ಕದ್ದು ಮುಚ್ಚಿ ಮಾಡಲಿಲ್ಲ, ಅದನ್ನು ನೆನಪಿಡಿ.

ಸ್ವಲ್ಪ ದಿನಕ್ಕೆ ಅವರು ಬಂದರು. ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ. ಹುಡುಗಿ ಡ್ಯೂಟಿಗೆ ಹೋದ ಹೊತ್ತನ್ನೇ ನೋಡಿ ಬಂದರು. ನನ್ನ ಮಗನನ್ನೂ ಸಂಡೂರಿನಿಂದ ಕರೆಸಿದ್ದರು. ನಾನು ‘ಬರ್ರಿ, ಕುಂದ್ರಿ’ ಎಂದೆ. ಬಾಗಿಲಿಗೆ ಬಂದವರು ಮನುಷ್ಯರು, ಮುಖ ಇದ್ದವರು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಭಜ್ಜಿ ಕೊಟ್ಟೆ. ಟೆಲಿಫೋನಕ್ಕ ಬಂದು ಗೋಡೆಗೆ ಒರಗಿ ಕೂತಳು. ಕೇಳುವುದಿಲ್ಲ, ಆದರೂ ಕೂತಳು.

ದೊಡ್ಡಪ್ಪ ಮಿರ್ಚಿ ಮುಟ್ಟದೆ ಮಾತು ತೆಗೆದರು. “ನೋಡ್ರಿ ಅಮ್ಮಾರ, ಮೊನ್ನೆ ರಜಾ ದಿನ ಹುಡುಗಿ ಮಧ್ಯಾಹ್ನ ಮನಿ ಬಿಟ್ಟಾಕಿ ಸಂಜಿತನ ಬಂದಿಲ್ಲ. ಫೋನ್ ಎತ್ತಿಲ್ಲ. ಮ್ಯಾಪೂ ಇಲ್ಲ. ಎಲ್ಲಿದ್ಲು ಅಂತ ಕೇಳಿದ್ರ ನಮ್ಮ ಹುಡುಗಗ ‘ಹೇಳಬೇಕು ಅನಿಸಿಲ್ಲ’ ಅಂದಾಳ. ನಾವು ಮರ್ಯಾದಿಸ್ಥರು.”

“ನಿಮಗಾದ್ರೂ ಗೊತ್ತೈತಾ?” ಎಂದಳು ತಾಯಿ.

ನನಗೆ ಗೊತ್ತಿತ್ತು. ಹುಡುಗಿ ಬಂದು ನನಗೆ ಹೇಳಿದ್ದಳು. ಅದು ಎಷ್ಟು ಸಣ್ಣ ಮಾತೆಂದರೆ, ಅಲ್ಲೇ ಹೇಳಿದ್ದರೆ ಅವರೂ ನಕ್ಕು ಮಿರ್ಚಿ ತಿಂದು ಎದ್ದು ಹೋಗುತ್ತಿದ್ದರು. ಮದುವೆ ಉಳಿಯುತ್ತಿತ್ತು. ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಮಗ ಕೈ ಮುಗಿಯುವವನ ಹಾಗೆ ನೋಡಿದ. “ಅವ್ವಾ, ಗೊತ್ತಿದ್ರ ಹೇಳಿಬಿಡು. ಮುಗೀಲಿ.”

ಆದರೆ ಇವತ್ತು ಹೇಳಿದರೆ ನಾಳೆಯದನ್ನೂ ಕೇಳುತ್ತಾರೆ. ಮ್ಯಾಪು ಆರಿಸಿದ್ದು ದಂಡವಾಗುತ್ತದೆ. ಮ್ಯಾಪಿನ ಜಾಗದಲ್ಲಿ ನಾನು ಕೂತ ಹಾಗಾಗುತ್ತದೆ. ಹುಡುಗಿ ಎಲ್ಲಿ ಹೋದರೂ ಅಜ್ಜಿಯನ್ನು ಒತ್ತಿದರೆ ಸಾಕು, ತೋರಿಸುತ್ತಾಳೆ. ನಾನು ಗೋಡೆಯ ಕಡೆ ನೋಡಿದೆ. ಟೆಲಿಫೋನಕ್ಕ ನಮ್ಮ ಬಾಯಿಗಳನ್ನೇ ನೋಡುತ್ತಿದ್ದಳು.

“ಗೊತ್ತೈತಿ” ಎಂದೆ.

ಎಲ್ಲರೂ ಮುಂದಕ್ಕೆ ಬಾಗಿದರು.

“ಹೇಳಂಗಿಲ್ಲ.”

ಹುಡುಗನ ತಾಯಿ ಬಾಯಿಗೆ ಸೆರಗಿಟ್ಟಳು. “ಮುಚ್ಚಿಡೋದು ಏನೈತ್ರಿ ಅಂಥಾದ್ದು?”

“ಏನಿಲ್ಲದಿದ್ರೂ ಹೇಳಂಗಿಲ್ಲ. ಆ ಮಧ್ಯಾಹ್ನ ಅಕಿದು. ನಂದಾಗಿದ್ರ ಕೊಡ್ತಿದ್ದೆ.”

“ನಾಳೆ ನಮ್ಮ ಮನಿಗೆ ಬರೋಳು ರೀ ಅಕಿ!”

“ಬರೋಳು. ಸಾಮಾನಲ್ಲ, ಎಲ್ಲಿಗೆ ಬಂತು ಎಲ್ಲಿಗೆ ಮುಟ್ಟತು ಅಂತ ದಾರಿಯುದ್ದಕ್ಕ ನೋಡಾಕ.”

ದೊಡ್ಡಪ್ಪ ಎದ್ದರು. ಹುಡುಗ ನನ್ನನ್ನು ಒಂದು ಸಲ ನೋಡಿದ. ಮೊಬೈಲು ತೆಗೆದು ನೋಡುತ್ತಾ ಹೊರಗೆ ನಡೆದ. ಅಷ್ಟರಲ್ಲಿ ಟೆಲಿಫೋನಕ್ಕ ನನ್ನ ಸೀರೆ ಹಿಡಿದು ಎಳೆದಳು.

“ಏನಂದಿ? ಏನಂದಿ ಅವರಿಗೆ?”

“ಆಮ್ಯಾಲ ಹೇಳ್ತೀನಿ ಅಕ್ಕ.”

“ಈಗ ಹೇಳು!”

ಬಗ್ಗಿ ಅವಳ ಎಡಗಿವಿಗೆ ಹೇಳಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗಲೂ “ಹ್ಞಾ?” ಎಂದಳು. ಆಗ ನನಗೆ ತಲೆ ಕೆಟ್ಟು ಗಂಟಲು ಹರಿಯುವ ಹಾಗೆ ಒದರಿದೆ: “ಗೊತ್ತೈತಿ, ಹೇಳಂಗಿಲ್ಲ ಅಂದೆ!”

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ನಿಂತರು. ನೀರಿನ ನಲ್ಲಿಯ ಹತ್ತಿರ ಕೊಡ ಹಿಡಿದವರು ತಿರುಗಿ ನೋಡಿದರು. ಅದೇ ಉತ್ತರವನ್ನು ಎರಡನೆಯ ಸಲ, ಇಡೀ ಓಣಿಗೇ ಕೊಟ್ಟಂತಾಯಿತು. ಟೆಲಿಫೋನಕ್ಕ ತಲೆಯ ಮೇಲಿನ ಆ ದಾರಿಯ ಮೇಲೆ ಕೈಯಾಡಿಸಿಕೊಂಡಳು. ಅವರು ಮುಟ್ಟದೆ ಬಿಟ್ಟ ಮಿರ್ಚಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, “ಆರತಾವು, ತಿನ್ನು” ಎಂದಳು.

ಮದುವೆ ಮುರಿಯಿತು. ಆ ಹುಡುಗಿಯ ಬಾಳು ಕೆಡಿಸಿದವರು ಇಬ್ಬರು ಮುದುಕಿಯರು ಎಂದು ಓಣಿ ಆಡಿಕೊಂಡಿತು. ಮಗ ನನ್ನ ಜೊತೆ ಬಹಳ ದಿನ ಮಾತು ಬಿಟ್ಟ. ಈಗ ಆಡುತ್ತಾನೆ, ಊಟ ಆಯಿತಾ ಎನ್ನುವಷ್ಟು. ಹುಡುಗಿ ಎರಡು ರಾತ್ರಿ ಅತ್ತಳು. ಅಳುವಾಗ ನಾನು ಸಮಾಧಾನ ಮಾಡಲಿಲ್ಲ, ರೊಟ್ಟಿ ಬಡಿದು ಡಬ್ಬಿಗೆ ಹಾಕಿದೆ. ಮೂರನೆಯ ದಿನ ಡಬ್ಬಿ ಹಿಡಿದು ಬಸ್ಸಿಗೆ ಹೋದಳು. ಬಸ್ಸು ಈಗಲೂ ಅದೇ ಊರಿನ ಮುಂದೆ ಹಾಯುತ್ತದೆ. ಅವಳು ಈಗಲೂ ಕಿಟಕಿಯ ಪಕ್ಕವೇ ಕೂರುತ್ತಾಳಂತೆ.

ಟೆಲಿಫೋನಕ್ಕ ಹೋದದ್ದು ಆಮೇಲಿನ ಬೇಸಿಗೆಯಲ್ಲಿ. ಬೆಳಿಗ್ಗೆ ನಾನು ರೊಟ್ಟಿ ಬಡಿದೆ. ಗೋಡೆಯ ಆಚೆ ಕೆಮ್ಮಿಲ್ಲ, ಬಾಗಿಲ ಸಪ್ಪಳ ಇಲ್ಲ. ನಾನೇ “ಯಾಕ, ಸತ್ತೇನು?” ಎಂದು ಕೂಗಿದೆ. ಕಿವಿ ಕೇಳದವಳು, ಅದಕ್ಕೇ ಉತ್ತರ ಇಲ್ಲ ಎಂದುಕೊಂಡು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದೆ. ಆಮೇಲೆ ಎದ್ದು ಹೋದೆ. ಮಲಗಿದಲ್ಲೇ ಮುಗಿದಿತ್ತು. ಮೊಬೈಲು ದಿಂಬಿನ ಪಕ್ಕದಲ್ಲಿ ಮಖಾಡೆ ಬಿದ್ದಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವಳ ತಂಗಿಯ ಮಗ ಆ ಮೊಬೈಲು ತಂದು, “ಇದರ ಲಾಕ್ ನಿಮಗ ಹೇಳ್ಯಾರೇನ್ರಿ?” ಎಂದ. ಅಷ್ಟು ವರ್ಷ ಗೋಡೆಗೆ ಗೋಡೆ ಇದ್ದವಳು, ನನಗೂ ಹೇಳಿರಲಿಲ್ಲ. ಗೊತ್ತಿಲ್ಲಪ್ಪ ಎಂದೆ. ನಿಜ ಹೇಳಿದೆ. ಒಳಗೊಳಗೇ ಹಿಗ್ಗಿದೆ.

ಕಂಪ್ಲಿಯ ಆ ಸೊಸೆ ತವರಿಗೆ ಏನು ಹೇಳುತ್ತಿದ್ದಳು ಎಂದು ನಾನೂ ಒಮ್ಮೆ ಕೇಳಿದ್ದೆ. ಎಷ್ಟೋ ವರ್ಷ ಆಗಿತ್ತು, ಸಾಹುಕಾರ ಸತ್ತು ಗಿರಣಿಯೂ ಮುಚ್ಚಿತ್ತು. ಅವಳು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಕೇಳಲಿಲ್ಲ. ಅದು ಅವಳ ಜೊತೆ ಮಣ್ಣಿಗೆ ಹೋಯಿತು. ಹೋಗಲಿ, ಅದರ ಜಾಗ ಅದೇ.

ಇದನ್ನು ಬರೆಯಲೇ ಎಂದು ಮೊಮ್ಮಗಳನ್ನು ಕೇಳಿದೆ. ಕೇಳದೆ ಬರೆದರೆ ನಾನೂ ಆ ಟಾರ್ಚಿನ ಜಾತಿಯವಳಾಗುತ್ತೇನೆ. “ಬರಿ ಅಜ್ಜಿ, ಹೆಸರು ಬ್ಯಾಡ” ಎಂದು, ಕೂತು ನನ್ನ ಅಕ್ಷರ ತಪ್ಪುಗಳನ್ನು ತಿದ್ದಿಕೊಟ್ಟಳು. ತಿದ್ದುತ್ತಾ ಆ ರಜೆಯ ಮಧ್ಯಾಹ್ನದ ಮಾತು ಬಂದಾಗ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು, ಅಜ್ಜಿ ಮುಂದೆ ಏನು ಬರೆದಿದ್ದಾಳೋ ಎಂದು. ಓದಿ ನಕ್ಕಳು.

ಇಷ್ಟು ಓದಿದ ನಿಮಗೂ ಆಸೆ ಆಗಿರಬೇಕು. ಹುಡುಗಿ ಆವತ್ತು ಎಲ್ಲಿಗೆ ಹೋಗಿದ್ದಳು? ಓಣಿಯವರು ಇವತ್ತಿಗೂ ಮಾತಿಗೆ ಮಾತು ತೆಗೆದು ಕೇಳುತ್ತಾರೆ. ನೀವು ಒಳ್ಳೆಯವರೇ ಇರಬಹುದು. ಬರ್ರಿ, ಕುಂದ್ರಿ, ರೊಟ್ಟಿ ತಿನ್ನಿ. ಅದೊಂದನ್ನು ಮಾತ್ರ ಕೇಳಬೇಡಿ.

ಗೊತ್ತೈತಿ. ಹೇಳಂಗಿಲ್ಲ.